ಕಂಬಳಿ ಹೊದ್ದ ಬಸ್ಸು

ಹಾಲಸ್ವಾಮಿ ತನ್ನ ಆಯುಷ್ಯದಲ್ಲಿ ಒಂದು ಸೊಟ್ಟ ಮೊಳೆಯನ್ನೂ ಬಿಸಾಡಿದವನಲ್ಲ. ಜವನಗೊಂಡನಹಳ್ಳಿಯಿಂದ ಒಂದು ಮೈಲಿ ಒಳಕ್ಕಿರುವ ಕುರುಬರಹಟ್ಟಿಯಲ್ಲಿ ಅವನ ಮನೆ ಯಾವುದು ಅಂತ ಕೇಳಿದರೆ, "ಬಾಗಿಲ ಮುಂದೆ ಕೊಡೆ ಕಡ್ಡಿ, ಲಾಂದ್ರದ ತಳ, ಸೈಕಲ್ ಚೈನು ನೇತಾಡ್ತಿರ್ತಾವಲ್ಲ, ಅದೇ" ಅನ್ನೋರು. ಇಡೀ ಸೀಮೆಯ ಕುರಿಮಂದೆಗಳಲ್ಲಿ ಮುಂದಾಳು ಹೋತದ ಕೊರಳಿಗೆ ಗಂಟೆ ಇದ್ದರೆ, ಇವನ ಹೋತದ ಕೊರಳಿಗೆ ಸೈಕಲ್ ಬೆಲ್ ಇತ್ತು. ಒಮ್ಮೆ ಕುರಿ ಕಾಯೋ ಕೋಲಿನ ತುದಿಗೆ ಹಳೇ ಕೊಡೆ ಕಟ್ಟಿಕೊಂಡು ಬಯಲಿಗೆ ಹೋದ. ಕೋಲೂ ತನ್ನದೇ, ನೆರಳೂ ತನ್ನದೇ ಅಂತ ಬೀಗಿದ್ದೇ ಬೀಗಿದ್ದು. ಗಾಳಿ ಬೀಸಿತು ನೋಡಿ, ಕೊಡೆ ಹಾರಿ ಆಂಧ್ರದ ದಿಕ್ಕಿಗೆ ಹೋಯಿತು, ಹಿಂದೆ ಇವನು, ಇವನ ಹಿಂದೆ ನೂರಾ ಎಂಬತ್ತು ಕುರಿ.

"ಈ ಕಸವೆಲ್ಲ ಯಾತಕ್ಕೋ ನಿನಗೆ?" ಅಂದರೆ ಅವನದು ಒಂದೇ ಮಾತು. "ಇರ್ಲಿ ಬಿಡ್ರಿ, ಬೇಕಾಗ್ತೈತೆ."

ಈ ಮಾತನ್ನು ಅತಿ ಹೆಚ್ಚು ಸಲ ಕೇಳಿ ಕಿವಿ ಕೆಡಿಸಿಕೊಂಡವಳು ಅವನ ಹೆಂಡತಿ ಬೊಮ್ಮಕ್ಕ. ಬಾಯಿ ಜೋರು, ನಡಿಗೆ ಅದಕ್ಕಿಂತ ಜೋರು. ಇಪ್ಪತ್ತೆರಡು ವರ್ಷ, ದೀಪಾವಳಿ ಮುಗಿದ ಕೂಡಲೇ ಮಂದೆಯ ಜೊತೆ ಹೊರಟು, ಹೊಸದುರ್ಗ ಹಾದು ಹೊಳಲ್ಕೆರೆ ಸೀಮೆವರೆಗೆ ನಡೆದು, ಮುಂಗಾರಿಗೆ ಮುಂಚೆ ವಾಪಸ್ಸು ಬಂದವಳು. ಆ ಕಡೆ ಕೊಯ್ಲಾದ ಹೊಲಗಳಲ್ಲಿ ರಾತ್ರಿ ಮಂದೆ ತರುಬಿ ನಿಲ್ಲಿಸಿದರೆ ಹಿಕ್ಕೆ ಗೊಬ್ಬರಕ್ಕೆ ರೈತರು ರಾಗಿ ಅಳೆದು ಕೊಡೋರು. ಬೊಮ್ಮಕ್ಕ ತಲೆ ಮೇಲೆ ಎಳೆ ಮರಿಗಳ ಪುಟ್ಟಿ, ಕಂಕುಳಲ್ಲಿ ಮಡಕೆ, ಬಾಯಲ್ಲಿ ಗಂಡನಿಗೆ ಮಂಗಳಾರತಿ, ಹೀಗೆ ಅಷ್ಟು ದೂರ ಸವೆಸೋಳು. ಸಂಜೆ ಬೀಡು ಬಿಟ್ಟಾಗ ಮೂರು ಕಲ್ಲು ಹೂಡಿ ಮುದ್ದೆ ತಿರುವೋಳು. ಆ ಮುದ್ದೆಯನ್ನೂ ಅದರ ಜೊತೆಗೆ ಬರೋ ಬೈಗುಳವನ್ನೂ ಉಂಡೇ ಹಾಲಸ್ವಾಮಿಗೆ ನಿದ್ದೆ ಹತ್ತುತ್ತಿದ್ದದ್ದು.

ಮೈಸೂರು ರಾಜ್ಯ ಅನ್ನೋ ಹೆಸರು ಹೋಗಿ ಕರ್ನಾಟಕ ಅಂತಾಯಿತಲ್ಲ, ಅದರ ಮರುವರ್ಷ, ದೀಪಾವಳಿಗೆ ಇನ್ನೂ ಮೂರು ತಿಂಗಳಿರುವಾಗ, ಹಟ್ಟಿಯಲ್ಲೇ ಒಂದು ಅನಾಹುತ ನಡೆಯಿತು. ಬೊಮ್ಮಕ್ಕ ಬಗ್ಗಿ ನೀರಿನ ಕೊಡ ಎತ್ತುತ್ತಿದ್ದಳು. ಕೆಂದ ಅಂತ ಒಂದು ಟಗರು, ಹಾಲಸ್ವಾಮಿ ಮುದ್ದು ಮಾಡಿ ಮಾಡಿ ಕೆಡಿಸಿದ್ದು. ಅದಕ್ಕೆ ಏನು ಕಂಡಿತೋ ಏನೋ, ಹತ್ತು ಹೆಜ್ಜೆ ಹಿಂದೆ ಸರಿದು ಓಡಿ ಬಂದು ಹಿಂದಿನಿಂದ ಗುದ್ದಿಬಿಟ್ಟಿತು. ಕೊಡ ಒಂದು ಕಡೆ, ಬೊಮ್ಮಕ್ಕ ಒಂದು ಕಡೆ, ಮಂಡಿಚಿಪ್ಪು ಕಲ್ಲಿನ ಮೇಲೆ.

ಮೂಳೆ ಕಟ್ಟುವ ನಾಟಿ ವೈದ್ಯ ಬಿದಿರು ದಬ್ಬೆ ಕಟ್ಟಿ, ಎಣ್ಣೆ ಕೊಟ್ಟು, ಕೊನೆಗೆ ಹೇಳಿದ. "ತಾಯಿ, ಒಂದು ವರ್ಷ ದೂರ ನಡೆಯಂಗಿಲ್ಲ. ನೆಲದ ತಂಡಿ ಮೇಲೆ ಮಲಗಂಗಿಲ್ಲ. ಮಲಗಿದ್ರೆ ಈ ಮಂಡಿ ಮತ್ತೆ ಮಡಚಲ್ಲ."

ನಡೆಯಬಾರದು, ನೆಲದ ಮೇಲೆ ಮಲಗಬಾರದು. ಅಂದಮೇಲೆ ಮಂದೆ ಜೊತೆ ಹೋಗೋ ಮಾತು ಮುಗಿಯಿತಲ್ಲ! ಸುದ್ದಿ ತಿಳಿದು ಧರ್ಮಪುರದಿಂದ ಬೊಮ್ಮಕ್ಕನ ತಮ್ಮ ರೇವಣಸಿದ್ದಪ್ಪ ಎದ್ದೋ ಬಿದ್ದೋ ಬಂದ. ಕಡ್ಲೆಕಾಯಿ ಬೆಳೆಯೋ ಅನುಕೂಲಸ್ಥ, ಹೆಂಚಿನ ಮನೆ, ಅಕ್ಕನ ಮೇಲೆ ಜೀವ. ಭಾವನ ಮೇಲೂ ಪ್ರೀತಿಯೇ, ಆದರೆ ಗೇಲಿ ಮಾಡದೆ ಆ ಪ್ರೀತಿ ಹೊರಗೆ ಬರುತ್ತಿರಲಿಲ್ಲ.

"ಭಾವ, ಅಕ್ಕನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ನೀವು ಕುರಿ ಜೊತೆ ಹೋಗ್ರಿ. ನಿಮಗೆ ಅವು ಸಾಕಲ್ಲ?"

ಹಾಲಸ್ವಾಮಿಗೆ ಬೊಮ್ಮಕ್ಕ ಇಲ್ಲದ ಬೀಡು ಬೇಡವಾಗಿತ್ತು, ಅಷ್ಟೇ ಸತ್ಯ. ಆದರೆ ಇಪ್ಪತ್ತೆರಡು ವರ್ಷದಲ್ಲಿ ಅಂಥ ಮಾತು ಒಂದು ಸಲವೂ ಆಡದವನು, ಭಾಮೈದನ ಮುಂದೆ ಆಡುತ್ತಾನೆಯೇ? ಎದ್ದು ಟವಲು ಕೊಡವಿಕೊಂಡು ಸೀದಾ ಹಿರಿಯೂರಿಗೆ ಹೋದ.

ಹಿರಿಯೂರಲ್ಲಿ ಹೈವೇ ಪಕ್ಕ ಜಂಬಣ್ಣನದು ಲಾರಿ ಬಾಡಿ ಕಟ್ಟೋ ಶೆಡ್ಡು. ಶೆಡ್ಡಿನ ಹಿಂದೆ ಸತ್ತ ಗಾಡಿಗಳ ರಾಶಿ. ಹಾಲಸ್ವಾಮಿಗೆ ಅದು ಕೈಲಾಸ. ಅಲ್ಲಿ ಒಂದು ಹಳೇ ಬಸ್ಸು ಬಿದ್ದಿತ್ತು, ಮೂತಿ ಆಲದ ಮರಕ್ಕೆ ಕೊಟ್ಟು ಬಂದಿದ್ದು. ಮುಂದಿನ ಭಾಗ ಅಪ್ಪಚ್ಚಿ, ಹಿಂದಿನ ಮೂರು ಕಿಟಕಿಯಷ್ಟು ಭಾಗ ಮಾತ್ರ ಗಟ್ಟಿ.

"ಜಂಬಣ್ಣ, ಈ ಹಿಂದಿನ ತುಂಡು ಕೊಯ್ದು ಟೈರ್ ಗಾಡಿ ಮೇಲೆ ಕೂರಿಸಿಕೊಡ್ತೀಯ?"

"ಯಾಕಪ್ಪ, ಕುರಿಗೆ ಬಸ್ ಸರ್ವಿಸ್ ಮಾಡ್ತೀಯ?"

"ಕುರಿಗಲ್ಲ. ಹೆಂಡ್ರಿಗೆ."

ಜಂಬಣ್ಣ ಬೀಡಿ ಆರೋವರೆಗೆ ನಕ್ಕ. ಆದರೆ ಕೆಲಸ ಮಾಡಿಕೊಟ್ಟ. ಬದಲಿಗೆ ಹಾಲಸ್ವಾಮಿ ಏನು ಕೊಟ್ಟ ಅಂತೀರಿ? ಕೆಂದ ಟಗರು! ಮಂಡಿ ಮುರಿದ ಟಗರೇ ಮಂಡಿಗೆ ಮನೆ ಕಟ್ಟಲಿ ಅಂತ ಹಗ್ಗ ಹಿಡಿದು ಒಪ್ಪಿಸಿದ. ಒಪ್ಪಿಸಿ ಬರೋವಾಗ ನಾಲ್ಕು ಸಲ ತಿರುಗಿ ನೋಡಿದನಂತೆ, ಅದು ಬೇರೆ ಮಾತು.

ಎರಡು ಎತ್ತು ಎಳೆಯೋ ಬಸ್ಸು ಹಟ್ಟಿಗೆ ಬಂತು. ಪಕ್ಕದಲ್ಲಿ ಇನ್ನೂ "ಹೊಸದುರ್ಗ – ಹೊಳಲ್ಕೆರೆ" ಅಂತ ಅಕ್ಷರ ಉಳಿದಿತ್ತು. ದಾರಿಯಲ್ಲಿ ಮೂರು ಕಡೆ ಜನ ಕೈ ಅಡ್ಡ ಹಿಡಿದು ನಿಲ್ಲಿಸಿದ್ದರು, ಒಬ್ಬಳು ಮುದುಕಿಯಂತೂ ಹತ್ತಿ ಕೂತು ಟಿಕೀಟು ಕೇಳಿದ್ದಳು. ಒಳಗೆ ಒಂದು ಉದ್ದನೆ ಸೀಟು ಉಳಿದಿತ್ತು, ಅದರ ಮೇಲೆ "ಮಹಿಳೆಯರಿಗೆ" ಅಂತ ಬರೆದ ಪಟ್ಟಿ. ಹಾಲಸ್ವಾಮಿ ಕಿಟಕಿಗಳಿಗೆ ತಗಡು ಬಡಿದು, ಒಂದನ್ನು ಮಾತ್ರ ತೆರೆದಿಟ್ಟು, ಸೀಟಿನ ಮೇಲೆ ಕಂಬಳಿ ಹಾಸಿ, ಹೆಂಡತಿಯ ಮುಂದೆ ಎದೆ ಉಬ್ಬಿಸಿ ನಿಂತ.

"ನೆಲದ ತಂಡಿ ಇಲ್ಲ. ನಡೆಯೋದಿಲ್ಲ. ಸರ್ಕಾರನೇ ನಿನಗೆ ಅಂತ ಬರೆದೈತೆ ನೋಡು, ಓದಿಸ್ಕೋ."

ಬೊಮ್ಮಕ್ಕ ಕೋಲೂರಿಕೊಂಡು ಒಳಗೆ ಹೋದಳು. ಮಟಮಟ ಮಧ್ಯಾಹ್ನ. ಹೋದಷ್ಟೇ ಬೇಗ ಹೊರಗೆ ಬಂದಳು.

"ಅಯ್ಯೋ ನಿನ್ನ ಬುದ್ಧಿಗಿಷ್ಟು! ಇದು ಮನೆನಾ ಒಲೆನಾ? ನನ್ನನ್ನ ಬೇಯಿಸಿ ಯಾರಿಗೆ ಬಡಿಸ್ಬೇಕು ಅಂತಿದೀಯ?"

ಅಲ್ಲೇ ಇದ್ದ ರೇವಣಸಿದ್ದಪ್ಪ ಸುಮ್ಮನಿದ್ದಾನೆಯೇ? ತಾನು ತಂದಿದ್ದ ಕಡ್ಲೆಕಾಯಲ್ಲಿ ಎರಡು ಹಿಡಿ ತೆಗೆದು ಬಸ್ಸಿನ ತಗಡಿನ ಮೇಲೆ ಹರವಿದ. ಉಂಡು ಎದ್ದು ಬಂದು ಒಂದು ಬಿಡಿಸಿ ಬಾಯಿಗೆ ಹಾಕಿಕೊಂಡ. "ಏನ್ ಭಾವಾ, ಚೆನ್ನಾಗಿ ಹುರಿದೈತೆ. ಸ್ವಲ್ಪ ಉಪ್ಪಿದ್ರೆ ಕೊಡ್ರಿ!"

ಹಟ್ಟಿಯೆಲ್ಲ ನಕ್ಕಿತು. ಬೊಮ್ಮಕ್ಕ ನಗಲಿಲ್ಲ. ಅವಳು ಒಂದು ಷರತ್ತು ಹಾಕಿದಳು, ಎಲ್ಲರ ಎದುರಿಗೇ. "ಮಧ್ಯಾಹ್ನದ ಬೀಡಿಗೆ ಆ ಬಯಲಲ್ಲಿ ಒಂದು ಜಾಲಿ ನೆರಳೂ ಸಿಗಲ್ಲ. ಸುಡು ಬಿಸಿಲಲ್ಲಿ ಬಾಗಿಲು ಹಾಕ್ಕೊಂಡು ಇದರೊಳಗೆ ಕುಂತ್ಕಂತೀನಿ. ಮೈ ಬೇಯದಿದ್ರೆ ನಿನ್ನ ಜೊತೆ ಬರ್ತೀನಿ. ಬೆಂದ್ರೆ ತಮ್ಮನ ಮನೆಗೆ ಹೋಗ್ತೀನಿ. ತಿಂಗಳು ಐತೆ, ಏನು ಮಾಡ್ತೀಯೋ ಮಾಡು."

ದೀಪಾವಳಿ ಕಳೆದ ಸೋಮವಾರ ಮಂದೆ ಹೊರಡೋದು. ಜೊತೆಗಾರ ಬೀರಪ್ಪನ ಕುರಿಯೂ ಸೇರಿ ಹೊರಡೋ ಪದ್ಧತಿ, ದಿನ ಹಿಂದೆ ಮುಂದೆ ಮಾಡೋ ಹಾಗಿಲ್ಲ. ಹಿಂದಿನ ದಿನ ಭಾನುವಾರ ಬಂದು ನೋಡ್ತೀನಿ ಅಂತ ಹೇಳಿ ರೇವಣಸಿದ್ದಪ್ಪ ಹೊರಟುಹೋದ.

ಹಾಲಸ್ವಾಮಿ ಮೊದಲು ಸುಣ್ಣ ಬಳಿದ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ ಅಂತ ಜಂಬಣ್ಣ ಹೇಳಿದ್ದ. ಮಾತು ನಿಜವೇ. ಆದರೆ ತಗಡಿಗೂ ಸುಣ್ಣಕ್ಕೂ ಯಾವ ಜನ್ಮದ ನಂಟು? ಐಮಂಗಲದ ಸಂಬಂಧಿಕರ ಮನೆವರೆಗೆ ಗಾಡಿ ಓಡಿಸಿ ನೋಡೋಣ ಅಂತ ಹೋದ. ಒಂದೊಂದು ಹಳ್ಳಕ್ಕೆ ಇಳಿದಾಗಲೂ ಸುಣ್ಣ ಹಪ್ಪಳ ಹಪ್ಪಳವಾಗಿ ಕಳಚಿತು. ವಾಪಸ್ಸು ಬಂದಾಗ ಬಸ್ಸು ಬೋಳು, ಎತ್ತು ಬೆಳ್ಳಗೆ, ಹಾಲಸ್ವಾಮಿ ಮೀಸೆ ಸಮೇತ ಬೆಳ್ಳಗೆ. ಬೊಮ್ಮಕ್ಕ ಜಗಲಿ ಮೇಲೆ ಕೂತು ತುಪ್ಪಟ ನೂಲುತ್ತಿದ್ದಳು. ಕುರಿಯ ತುಪ್ಪಟ ಕೈಯಲ್ಲಿದ್ದರೆ ಅವಳಿಗೆ ಹೊತ್ತು ಹೋಗೋದು ತಿಳಿಯುತ್ತಿರಲಿಲ್ಲ. ತಲೆ ಎತ್ತಿ ಗಂಡನನ್ನು ನೋಡಿ, "ವಯಸ್ಸಾಯ್ತು ನಿನಗೆ" ಅಂದಳು.

ಆಮೇಲೆ ಡಾಂಬರು. ಹೈವೇ ರಿಪೇರಿ ಮಾಡೋರು ಮಿಕ್ಕಿದ್ದನ್ನು ಡಬ್ಬದಲ್ಲಿ ಕೊಟ್ಟರು. ತುಕ್ಕು ಹಿಡಿದ ತೂತುಗಳೆಲ್ಲ ಮುಚ್ಚಿದವು, ಒಂದು ಹನಿ ನೀರು ಒಳಗೆ ಬರಲಿಲ್ಲ, ಅದೊಂದು ಲಾಭ. ಆದರೆ ಕರಿ ಬಣ್ಣ ನೋಡಿ, ಒಳಗಿನ ಕಾವು ಮೊದಲಿಗಿಂತ ದುಪ್ಪಟ್ಟು. ಸಾಲದ್ದಕ್ಕೆ ಬಿಸಿಲೇರಿದರೆ ಸಾಕು, ಡಾಂಬರು ಅಂಟಂಟಾಗೋದು. ಬೊಮ್ಮಕ್ಕನ ಕೆಂಚು ಹುಂಜ ಹಾರಿ ಬಸ್ಸಿನ ಮೇಲೆ ಕೂತದ್ದು ಏಳಲೇ ಇಲ್ಲ. ಅಲ್ಲೇ ನಿಂತು ಮಧ್ಯಾಹ್ನಪೂರ್ತಿ ಕೂಗಿತು. ಎಣ್ಣೆ ಹಚ್ಚಿ ಬಿಡಿಸೋವಷ್ಟರಲ್ಲಿ ಹಾಲಸ್ವಾಮಿಗೂ ಹುಂಜಕ್ಕೂ ಇಬ್ಬರಿಗೂ ಬೇಡ ಬೇಡ ಅನ್ನಿಸಿತ್ತು.

ಆ ಸಂಜೆ ಅವನು ಮೋರೆ ಇಳಿಬಿಟ್ಟು ಜಗಲಿ ಮೇಲೆ ಕೂತ. ಸಣ್ಣಗೆ ತುಂತುರು ಶುರುವಾಯಿತು. ಅಭ್ಯಾಸದಂತೆ ಹೆಗಲ ಕಂಬಳಿಯನ್ನು ತಲೆ ಮೇಲೆ ಎಳೆದುಕೊಂಡ. ಹನಿ ಕಂಬಳಿ ಮೇಲೆ ಬಿದ್ದು, ಉರುಳಿ, ಕೆಳಗೆ ಹೋಯಿತು. ಹಾಲಸ್ವಾಮಿ ಕಂಬಳಿ ನೋಡಿದ. ಬಸ್ಸು ನೋಡಿದ. ಮತ್ತೆ ಕಂಬಳಿ ನೋಡಿದ.

"ಬೊಮ್ಮಿ!" ಅಂತ ಕಿರುಚಿದ. "ಈ ಕಂಬಳಿಗೆ ಹನ್ನೊಂದು ವರ್ಷ! ಬಿಸಿಲು ಒಳಗೆ ಬಿಟ್ಟಿಲ್ಲ, ಮಳೆ ಒಳಗೆ ಬಿಟ್ಟಿಲ್ಲ!"

"ಅದಕ್ಕೆ?"

"ಬಸ್ಸಿಗೂ ಹೊದಿಸ್ತೀನಿ!"

ಹೊದಿಸೋದು ಅಂದರೆ ಬರೀ ಕಂಬಳಿ ಎಸೆಯೋದಲ್ಲ. ಕುರುಬರ ಕಂಬಳಿಯ ಗಟ್ಟಿತನ ಇರೋದು ಎರಡರಲ್ಲಿ, ಒಂದು ತುಪ್ಪಟ, ಇನ್ನೊಂದು ಹುಣಸೆ ಬೀಜದ ಗಂಜಿ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ಮಡಕೆಯಲ್ಲಿ ಕುದಿಸಿದರೆ ಗೋಂದಿನಂಥ ಗಂಜಿ ಬರುತ್ತದೆ. ನೆಯ್ಯೋ ಮುಂಚೆ ಉದ್ದಕ್ಕೆ ಎಳೆದು ಕಟ್ಟಿದ ನೂಲಿನ ಹಾಸಿನ ಮೇಲೆಲ್ಲ ಅದನ್ನು ಕುಂಚದಿಂದ ಬಳಿದು ಒಣಗಿಸುತ್ತಾರೆ. ಒಣಗಿದ ನೂಲು ತಂತಿಯ ಹಾಗೆ ನಿಲ್ಲುತ್ತದೆ. ಹಾಲಸ್ವಾಮಿಯ ಲೆಕ್ಕ ಏನೆಂದರೆ, ಡಾಂಬರು ಹೇಗೂ ಅಂಟಂಟು, ಅದಕ್ಕೆ ಕತ್ತರಿಸಿದ ತುಪ್ಪಟ ಒತ್ತೋದು. ಮೇಲೆ ಹುಣಸೆ ಗಂಜಿಗೆ ಹಳ್ಳದ ಮರಳು, ಸುಣ್ಣ ಕಲಸಿ ದಪ್ಪಗೆ ಮೆತ್ತೋದು.

ಒಂದು ಬಸ್ಸಿಗೆ ಎಷ್ಟು ಹುಣಸೆ ಬೀಜ ಬೇಕು, ನೀವೇ ಯೋಚನೆ ಮಾಡಿ. ಹಾಲಸ್ವಾಮಿ ಚೀಲ ಹಿಡಿದು ಮನೆ ಮನೆ ತಿರುಗಿದ. ಜವನಗೊಂಡನಹಳ್ಳಿ ಸಂತೆಯಲ್ಲಿ ಹುಣಸೆಹಣ್ಣು ಬಿಡಿಸೋ ಹೆಂಗಸರ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತ. "ಬೀಜ ಎಸೀಬೇಡ್ರವ್ವ, ನನಗೆ ಕೊಡ್ರಿ" ಅಂತ ಗಂಡಸಾದವನು ಬಾಯಿ ಬಿಟ್ಟು ಬೇಡಿದ. ಹಟ್ಟಿಯಲ್ಲಿ ಚೌಕಾಬಾರ ಆಡಲು ಇಟ್ಟಿದ್ದ ಬೀಜಗಳೂ ಕಾಣೆಯಾದವು ಅಂತ ಹೆಂಗಸರು ಬೊಮ್ಮಕ್ಕನಿಗೆ ದೂರು ತಂದರು. "ನನ್ನ ಕೇಳಬೇಡ್ರಿ, ಅವನಿಗೆ ಬಸುರಿ ಬಯಕೆ" ಅಂದಳು ಬೊಮ್ಮಕ್ಕ. ಹಾಗಂದವಳೇ ಹುರಿದ ಬೀಜ ಬೀಸೋಕೆ ಮಾತ್ರ ಕಲ್ಲು ಹತ್ತಿರ ಎಳೆದುಕೊಂಡಳು.

ಹತ್ತು ದಿನದ ಕೆಲಸ. ಮುಗಿದಾಗ ಬಸ್ಸು ಬಸ್ಸಾಗಿ ಉಳಿದಿರಲಿಲ್ಲ. ಬೂದು ಬಣ್ಣ, ಮೈಯೆಲ್ಲ ತರಿತರಿ, ಎಮ್ಮೆ ನಾಲಿಗೆ ಸವರಿದ ಹಾಗೆ. ಅಲ್ಲಲ್ಲಿ ಕರಿ ಕೂದಲು ನಿಮಿರಿ ನಿಂತಿತ್ತು. ಬೆರಳಲ್ಲಿ ತಟ್ಟಿದರೆ ಠಣ್ ಅನ್ನುತ್ತಿದ್ದದ್ದು ಈಗ ದಬ್ ಅಂತಿತ್ತು. ಬೀರಪ್ಪ ನೋಡಿ, "ಇದಕ್ಕೂ ವರ್ಷಕ್ಕೆ ಎರಡು ಸಲ ತುಪ್ಪಟ ಕತ್ತರಿಸಬೇಕಾಗ್ತೈತೇನೋ" ಅಂದ. ನಗೋರು ನಗಲಿ. ಹಾಲಸ್ವಾಮಿ ಮಧ್ಯಾಹ್ನ ಒಳಗೆ ಹೋಗಿ ತಗಡಿಗೆ ಅಂಗೈ ಇಟ್ಟ. ತಂಪು! ಬೊಮ್ಮಕ್ಕನ ಕೈ ಹಿಡಿದು ತಂದು ಅಲ್ಲೇ ಇಡಿಸಿದ.

ಬೊಮ್ಮಕ್ಕ ಕೈ ಇಟ್ಟಳು. ತುಸು ಹೊತ್ತು ಹಾಗೇ ಇಟ್ಟುಕೊಂಡಳು. "ಹ್ಞೂಂ" ಅಂದಳು.

ಆ ಹ್ಞೂಂ ಸಾಕಿತ್ತು ಅವನಿಗೆ. ಭಾನುವಾರಕ್ಕೆ ಇನ್ನೂ ನಾಲ್ಕು ದಿನ ಇತ್ತು. ಚಕ್ರಕ್ಕೆ ಗ್ರೀಸು ತರಲು ಹಾಡು ಗುನುಗಿಕೊಂಡು ಹಿರಿಯೂರಿಗೆ ಹೋದ. ಹೋಗೋವಾಗ ಎಲ್ಲರ ಕಣ್ಣಿಗೆ ಕಾಣಲಿ ಅಂತ ಬಸ್ಸನ್ನು ಕುರಿಹಟ್ಟಿಯ ನಡುವೆ ನಿಲ್ಲಿಸಿ ಹೋದ.

ಅಲ್ಲಿಗೆ ಎಲ್ಲ ಕೆಟ್ಟಿತು.

ಇದನ್ನು ಬೇರೆ ಯಾವ ಜಾತಿಯವನೋ ಮಾಡಿದ್ದರೆ ಪಾಪ, ಗೊತ್ತಿಲ್ಲ ಅನ್ನಬಹುದಿತ್ತು. ಹುಟ್ಟಾ ಕುರುಬ ಮಾಡಿದನಲ್ಲ! ಹುಣಸೆ ಗಂಜಿ ಬಳಿದ ಹಾಸು ಬೀದಿಯಲ್ಲಿ ಒಣಗುತ್ತಿದ್ದರೆ ಪಕ್ಕದಲ್ಲಿ ಒಬ್ಬರು ಕೋಲು ಹಿಡಿದು ಕೂರಲೇಬೇಕು, ಯಾಕೆಂದರೆ ಆಡು ಕುರಿಗಳಿಗೆ ಆ ಗಂಜಿ ಅಂದರೆ ಪಾಯಸ. ಚಿಕ್ಕವನಿದ್ದಾಗ ಹಾಲಸ್ವಾಮಿಯ ಕೆಲಸ ಅದೇ ಆಗಿತ್ತು. ಒಮ್ಮೆ ನಿದ್ದೆ ಹೋಗಿ, ಆಡು ನೂಲು ತಿಂದು, ಅಪ್ಪನ ಕೈಯಲ್ಲಿ ಚೆನ್ನಾಗಿ ಒದೆ ತಿಂದಿದ್ದ. ಇಷ್ಟೆಲ್ಲ ಗೊತ್ತಿದ್ದವನು ಗಂಜಿಯ ಮನೆ ಕಟ್ಟಿ ಕುರಿಹಟ್ಟಿಯ ನಡುವೆ ನಿಲ್ಲಿಸಿ ಊರಿಗೆ ಹೋದ. ಏನು ಹೇಳೋಣ!

ಇಳಿಹೊತ್ತಿಗೆ ಬಂದು ನೋಡುತ್ತಾನೆ, ಮಂದೆ ಆ ದಿನ ಬಯಲಿಗೆ ಹೋಗಿಯೂ ಬೇಗ ವಾಪಸ್ಸು ಬಂದಿದೆ. ನೂರಾ ಎಂಬತ್ತು ಕುರಿ ಬಸ್ಸಿನ ನಾಲ್ಕೂ ಸುತ್ತ ಮುತ್ತಿಕೊಂಡು ನೆಕ್ಕುತ್ತಿವೆ. ಆಡುಗಳು ಹಿಂಗಾಲ ಮೇಲೆ ನಿಂತು ಕಿಟಕಿಯ ಮೇಲಿಂದ ಕೀಳುತ್ತಿವೆ. ಸೈಕಲ್ ಬೆಲ್ಲಿನ ಹೋತ ಚಾವಣಿಗೆ ಬಾಯಿ ಚಾಚಿ, ಎಟುಕದೆ, ಸಿಟ್ಟಿಗೆ ಟ್ರಿಣ್ ಟ್ರಿಣ್ ಅಂತ ತಲೆ ಆಡಿಸುತ್ತಿದೆ. ಬೊಮ್ಮಕ್ಕ ಕುಂಟಿಕೊಂಡೇ ಬಂದು ಕೋಲು ಬೀಸಿ ಬೀಸಿ ಸುಸ್ತಾಗಿ, ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಾಳೆ. ಚಾವಣಿ ಒಂದು ಬಿಟ್ಟು ಉಳಿದದ್ದೆಲ್ಲ ಸ್ವಾಹಾ. ತುಪ್ಪಟ ಮಾತ್ರ ಚಿಂದಿ ಚಿಂದಿಯಾಗಿ ಜೋತಾಡುತ್ತಿತ್ತು.

ಬೀರಪ್ಪ ಬಿದ್ದು ಬಿದ್ದು ನಕ್ಕ. "ಎಲ್ರೂ ಕುರಿಗೆ ಹುಲ್ಲು ಮೇಯಿಸ್ತಾರೆ, ನೀನು ಮನೆ ಮೇಯಿಸ್ದೆ!" ಸಂಜೆಯೊಳಗೆ ಹಾಲಸ್ವಾಮಿಗೆ "ಮನೆ ಮೇಯಿಸಿದವ" ಅಂತ ಹೆಸರು ಬಿತ್ತು. ಜವನಗೊಂಡನಹಳ್ಳಿಯ ಟೀ ಅಂಗಡಿಗೂ ಮುಟ್ಟಿತು.

ಹಾಲಸ್ವಾಮಿ ಬಂದು ಹೆಂಡತಿ ಪಕ್ಕ ಮೆಟ್ಟಿಲ ಮೇಲೆ ಕೂತ.

"ನೀನು ಧರ್ಮಪುರಕ್ಕೆ ಹೋಗು ಬೊಮ್ಮಿ. ನನ್ನ ಕೈಲಿ ಆಗಲ್ಲ."

ಬೊಮ್ಮಕ್ಕ ಜೋತಾಡೋ ತುಪ್ಪಟದ ಎಳೆ ಒಂದನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಹಾಗೇ ಸುತ್ತುತ್ತಾ ಕೇಳಿದಳು. "ಆ ಬೇವಿನ ಹಿಂಡಿ ಚೀಲ ಹಿತ್ತಲಲ್ಲೇ ಐತಾ? ಹೋದ ವರ್ಷ ಎಣ್ಣೆ ಗಾಣದಿಂದ ಹೊತ್ಕೊಂಡು ಬಂದು, ಬೇಕಾಗ್ತೈತೆ ಅಂತ ಇಟ್ಟಿದ್ದೆಯಲ್ಲ?"

"ಐತೆ. ಯಾಕೆ?"

"ಗಂಜಿಗೆ ಕಲಸು. ಆ ಕಹಿಗೆ ಯಾವ ಆಡು ಬಾಯಿ ಇಡ್ತೈತೆ ನೋಡಾಣ."

ಹಾಲಸ್ವಾಮಿ ಹಿತ್ತಲ ಕಡೆಗೆ ಎದ್ದವನು ತಿರುಗಿ ನಿಂತ. "ಮೊದಲೇ ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ಯಾ? ಹೋಗು, ಬೀಜ ತಾ."

ಮತ್ತೆ ಚೀಲ, ಮತ್ತೆ ಬೇಡಾಟ. ಆದರೆ ಹದಿನೈದು ದಿನದಲ್ಲಿ ಸೀಮೆಯ ಹುಣಸೆ ಬೀಜವೆಲ್ಲ ಕುರಿಗಳ ಹೊಟ್ಟೆ ಸೇರಿತ್ತಲ್ಲ, ಇನ್ನೆಲ್ಲಿಂದ ಬರಬೇಕು? ಬೊಮ್ಮಕ್ಕ ಬೀಸಿದಳು, ಇವನು ಕುದಿಸಿದ, ಮೆತ್ತಿದ. ಮೂಡಲ ಗೋಡೆ ಆಯಿತು, ಮುಂದಿನದು ಆಯಿತು, ಹಿಂದಿನದೂ ಆಯಿತು. ಪಡುವಲ ಗೋಡೆಗೆ ಬರೋವಷ್ಟರಲ್ಲಿ ಮಡಕೆಯ ತಳ ಕೆರೆಯೋ ಸದ್ದು. ಅಷ್ಟೊತ್ತಿಗೆ ಭಾನುವಾರವೂ ಬಂತು, ರೇವಣಸಿದ್ದಪ್ಪನ ಎತ್ತಿನ ಗಾಡಿಯೂ ಬಂದು ಬಾಗಿಲಲ್ಲಿ ನಿಂತಿತು.

ರೇವಣಸಿದ್ದಪ್ಪ ಬಸ್ಸಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಬೇವಿನ ವಾಸನೆಗೆ ಮೂಗು ಹಿಡಿದುಕೊಂಡ. ಆಡುಗಳೂ ಹತ್ತಿರ ಬಂದು, ಮೂಸಿ, ಸೀನಿ, ದೂರ ಹೋಗುತ್ತಿದ್ದವು. ಅದು ಗೆದ್ದ ಹಾಗೇ. ಆದರೆ ಪಡುವಲ ಕಡೆ ಬರೀ ಕರಿ ಡಾಂಬರಿನ ತಗಡು, ಅದರ ಮೇಲೆ ನಾಲ್ಕು ಎಳೆ ತುಪ್ಪಟ. ಭಾಮೈದ ಅದನ್ನೇ ನೋಡಿದ. ಕಣ್ಣು ಸಣ್ಣ ಮಾಡಿ ನಕ್ಕ.

"ಭಾವ, ಮೊದ್ಲು ಊಟ ಮಾಡಾಣ. ಆಮೇಲೆ ಅಕ್ಕ ಕುಂತ್ಕಳ್ಳಿ. ಅವಸರ ಏನೈತೆ?"

ಖದೀಮ! ಊಟ ಮುಗಿಸಿ, ಎಲೆ ಅಡಿಕೆ ಹಾಕಿ, ಮಾತಾಡಿ ಏಳೋವಷ್ಟರಲ್ಲಿ ಸೂರ್ಯ ಪಡುವಲಕ್ಕೆ ವಾಲಿ, ಬಿಸಿಲೆಲ್ಲ ಆ ಬೋಳು ಗೋಡೆಗೇ ಬಡಿಯುತ್ತಿತ್ತು. ಬಸ್ಸು ತಿರುಗಿಸಿ ನಿಲ್ಲಿಸೋಣ ಅಂದರೆ ಭಾಮೈದ ಮೋಸ ಅನ್ನದೆ ಬಿಡುತ್ತಾನೆಯೇ? ಹಾಲಸ್ವಾಮಿ ಯಾರಿಗೂ ಕಾಣದ ಹಾಗೆ ಬಸ್ಸಿನೊಳಗೆ ಹೋಗಿ ಆ ಗೋಡೆಗೆ ಅಂಗೈ ಇಟ್ಟ. ಚುರ್ ಅಂತು. ಕೈ ಬಾಯಿಗೆ ಹಾಕಿಕೊಂಡು ಹೊರಗೆ ಬಂದ. ಮೂರು ಗೋಡೆ ತಂಪಿದ್ದರೇನು, ಒಂದು ಗೋಡೆ ಇಡೀ ಬಸ್ಸನ್ನು ಕಾಯಿಸುತ್ತಿತ್ತು.

ಹಟ್ಟಿಯ ಜನ ಸೇರಿದ್ದರು. ಬೀರಪ್ಪನೂ ಇದ್ದ. ಬೊಮ್ಮಕ್ಕ ಕೋಲೂರಿಕೊಂಡು ಬಂದಳು. ಹಾಲಸ್ವಾಮಿ ಬಾಗಿಲಿಗೆ ಅಡ್ಡ ನಿಂತ.

"ಬೇಡ ಬೊಮ್ಮಿ" ಅಂದ, ಮೆಲ್ಲಗೆ, ಅವಳಿಗಷ್ಟೇ ಕೇಳೋ ಹಾಗೆ. "ಒಳಗೆ ಕಾದೈತೆ. ಸುಮ್ನೆ ಹೋಗು ತಮ್ಮನ ಜೊತೆ. ನೀನಿಲ್ದೆ ನನಗೆ ಕಷ್ಟಾನೇ, ಊಟ ಸೇರಲ್ಲ, ನಿದ್ದೆ ಬರಲ್ಲ. ಆದ್ರೂ ಹೋಗು. ನೀನು ಬೇಯೋದು ನನಗೆ ಬೇಡ."

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆಡಿದ ಮಾತು. ಬೊಮ್ಮಕ್ಕ ಅವನ ಮುಖ ನೋಡಿದಳು. ಸುಟ್ಟು ಕೆಂಪಾದ ಅಂಗೈ ನೋಡಿದಳು. ಕೋಲಿನಿಂದ ಅವನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋಗಿ, ಬಾಗಿಲು ಹಾಕಿಕೊಂಡಳು.

ರೇವಣಸಿದ್ದಪ್ಪ ಜಗಲಿ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದ. "ನಾಲ್ಕು ಎಲೆ ಅಗಿಯೋವರೆಗೆ" ಅಂತ ಅವನದೇ ಲೆಕ್ಕ. ಒಂದು ಎಲೆ ಆಯಿತು, ಬಸ್ಸಿನಿಂದ ಸದ್ದಿಲ್ಲ. ಎರಡಾಯಿತು. ಹಾಲಸ್ವಾಮಿ ಬಸ್ಸಿನ ಪಡುವಲ ಕಡೆ ಹೋಗಿ, ತನ್ನ ಕಂಬಳಿಯನ್ನು ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದು, ಗೋಡೆಗೆ ನೆರಳು ಮಾಡಿಕೊಂಡು ನಿಂತ.

"ಭಾವ, ಅದು ಮೋಸ!" ಅಂತ ಭಾಮೈದ ಕೂಗಿದ. ಹಾಲಸ್ವಾಮಿ ಕಂಬಳಿ ಇಳಿಸಿದ. ಮೂರನೇ ಎಲೆ. ಯಾರೂ ನಗುತ್ತಿರಲಿಲ್ಲ ಈಗ. ನಾಲ್ಕನೇ ಎಲೆಯನ್ನು ರೇವಣಸಿದ್ದಪ್ಪನೇ ಅರ್ಧಕ್ಕೆ ಉಗುಳಿ ಎದ್ದ. "ಅಕ್ಕಾ, ಸಾಕು ಬಾರವ್ವ!"

ಬಾಗಿಲು ತೆರೆಯಿತು. ಬೊಮ್ಮಕ್ಕ ಮೆಟ್ಟಿಲಿಗೆ ಬಂದು ನಿಂತಳು. ಸೀರೆ ಒದ್ದೆ, ರವಿಕೆ ಒದ್ದೆ, ಹಣೆಯ ಕುಂಕುಮ ಕರಗಿ ಮೂಗಿನ ತುದಿಗೆ ಇಳಿದಿತ್ತು. ಮುಖ ಕೆಂಡ.

"ಹೆಂಗಿತ್ತಕ್ಕ?" ರೇವಣಸಿದ್ದಪ್ಪ ಕೇಳಿದ.

ಬೊಮ್ಮಕ್ಕ ಎರಡು ಕೈಯಿಂದ ಮೈ ಉಜ್ಜಿಕೊಂಡಳು. "ಹೆಂಗಿತ್ತು ಅಂದ್ರೆ, ಚಳಿ ಕಣೋ. ಥೂ, ಗಡಗಡ ನಡುಗಿಹೋದೆ." ಗಂಡನ ಕಡೆ ಕೈ ಚಾಚಿದಳು. "ಏನು ನೋಡ್ತಾ ನಿಂತಿದೀಯ? ಆ ಕಂಬಳಿ ಕೊಡು ಇಲ್ಲಿ."

ಹಾಲಸ್ವಾಮಿ ಕೊಟ್ಟ. ಆ ರಣಬಿಸಿಲಲ್ಲಿ, ಇಡೀ ಹಟ್ಟಿಯ ಎದುರಿಗೆ, ಬೊಮ್ಮಕ್ಕ ಹನ್ನೊಂದು ವರ್ಷದ ಕರಿ ಕಂಬಳಿಯನ್ನು ತಲೆ ತುಂಬ ಹೊದ್ದು, ಕತ್ತಿನ ಹತ್ತಿರ ಬಿಗಿಯಾಗಿ ಹಿಡಿದುಕೊಂಡಳು. ಬೆವರು ಕಂಬಳಿಯ ಅಂಚಿನಿಂದ ಟಪಟಪ ತೊಟ್ಟಿಕ್ಕುತ್ತಿತ್ತು.

ರೇವಣಸಿದ್ದಪ್ಪ ಅಕ್ಕನನ್ನು ನೋಡಿದ, ಭಾವನನ್ನು ನೋಡಿದ. ದಡ್ಡನಲ್ಲ ಅವನು. ಗಾಡಿಗೆ ಹೋಗಿ, ಅಕ್ಕನಿಗೆ ಮೆತ್ತಗಿರಲಿ ಅಂತ ತಂದಿದ್ದ ಹೊಸ ಹಾಸಿಗೆಯನ್ನು ಹೊತ್ತು ತಂದು ಬಸ್ಸಿನ ಸೀಟಿನ ಮೇಲೆ ಹಾಕಿದ. ಪಕ್ಕದಲ್ಲಿ ಒಂದು ಚೀಲ ಕಡ್ಲೆಕಾಯಿ ಇಟ್ಟ. "ಹಸಿ ಕಾಯಿ ಭಾವ. ಹುರಿಯೋಕೆ ನಿಮ್ಮತ್ರ ಒಂದು ಗೋಡೆ ಇನ್ನೂ ಐತೆ" ಅಂದು, ಅಕ್ಕನ ಕಾಲು ಮುಟ್ಟಿ, ಗಾಡಿ ಹತ್ತಿದ.

ಗಾಡಿ ತಿರುವಿನ ಹುಣಸೆ ಮರ ದಾಟೋವರೆಗೂ ಬೊಮ್ಮಕ್ಕ ಕಂಬಳಿ ಬಿಡಲಿಲ್ಲ. ದಾಟಿದ್ದೇ ತಡ, ಕಿತ್ತೆಸೆದು ಜಗಲಿ ಮೇಲೆ ಕುಸಿದಳು. "ನೀರು ತಾರೋ ಮಾರಾಯ! ಸತ್ತೇ ಹೋಗಿದ್ದೆ ಒಳಗೆ!"

ಹಾಲಸ್ವಾಮಿ ಓಡಿ ಚೆಂಬು ತಂದ. ಅವಳು ಗಟಗಟ ಕುಡಿದಳು, ಇನ್ನೊಂದು ಚೆಂಬು ತಲೆ ಮೇಲೆ ಸುರಿದುಕೊಂಡಳು. ಅವನು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಟವಲಿನಿಂದ ಗಾಳಿ ಹಾಕಿದ.

"ಯಾಕೆ ಸುಳ್ಳು ಹೇಳ್ದೆ ಬೊಮ್ಮಿ? ಅಲ್ಲಿ ಹೆಂಚಿನ ಮನೆ ಐತೆ. ನಾಲ್ಕು ಗೋಡೆನೂ ತಣ್ಣಗವೆ."

"ಅವೆ. ಅವು ಯಾವುವೂ ನನಗೋಸ್ಕರ ಕಟ್ಟಿದ್ದಲ್ಲ" ಅಂದಳು ಬೊಮ್ಮಕ್ಕ. ಮೂಗಿನ ಮೇಲಿನ ಕುಂಕುಮ ಒರೆಸಿಕೊಂಡಳು. "ಮುಖ ಏನು ನೋಡ್ತೀಯ? ಹೊಸದುರ್ಗದ ಸಂತೆಯಲ್ಲಿ ಹುಣಸೆ ಬೀಜ ಸಿಗ್ತೈತೆ. ಆ ಬೇವಿನ ಹಿಂಡಿ ಚೀಲ ಗಾಡಿಗೆ ಹಾಕು, ಮಡಕೆನೂ ಹಾಕು. ಅಲ್ಲಿ ಬೀಡು ಬಿಟ್ಟ ಕೂಡ್ಲೇ ಆ ಪಡುವಲ ಗೋಡೆ ಮುಗಿಸ್ಬೇಕು. ಅಲ್ಲಿವರೆಗೆ ಮಧ್ಯಾಹ್ನ ಆದ್ರೆ ನೀನೇ ಕಂಬಳಿ ಹಿಡ್ಕೊಂಡು ನಿಂತ್ಕೋಬೇಕು, ಹೇಳಿದೀನಿ."

ಹಾಲಸ್ವಾಮಿ ನಿಂತ. ಹೊಸದುರ್ಗ ಮುಟ್ಟೋವರೆಗೆ ದಿನಾ ಮಧ್ಯಾಹ್ನ, ಬೀಡು ಬಿಟ್ಟ ಕೂಡಲೇ, ಬಸ್ಸಿನ ಬೋಳು ಗೋಡೆಗೆ ಅಡ್ಡ ಎರಡು ಕೋಲು ನೆಟ್ಟು ಕಂಬಳಿ ಕಟ್ಟುತ್ತಿದ್ದ. ಕೋಲು ಗಾಳಿಗೆ ಬಿದ್ದರೆ ತಾನೇ ಹಿಡಿದುಕೊಂಡು ನಿಲ್ಲುತ್ತಿದ್ದ. ಒಳಗಿನಿಂದ ಬೊಮ್ಮಕ್ಕ ಬೈಯುತ್ತಿದ್ದಳು, ಆಮೇಲೆ ಬೈಗುಳ ನಿಂತು ಗೊರಕೆ ಕೇಳುತ್ತಿತ್ತು. ಗೊರಕೆ ಕೇಳಿದ ಮೇಲೂ ಅವನು ಕೈ ಇಳಿಸುತ್ತಿರಲಿಲ್ಲ ಅಂತ ಬೀರಪ್ಪ ಇವತ್ತಿಗೂ ಹೇಳುತ್ತಾನೆ.